ಪಕ್ಕದ ಟೇಬಲ್ಲಿಗೆ ಕೇಳಿಸದ ಹಾಗೆ

ಒದ್ದೆ ಬಟ್ಟೆಯಲ್ಲಿ ಈಗಷ್ಟೇ ಒರೆಸಿದ ಹೋಟೆಲ್ ಟೇಬಲ್ಲಿಗೆ ಒಂದು ವಾಸನೆ ಇರುತ್ತದೆ. ಸಾಂಬಾರಿನ ಹುಳಿ, ಬಾಳೆಎಲೆ, ಪೂರ್ತಿ ಒಣಗದ ಬಟ್ಟೆ, ಮೂರೂ ಕೂಡಿದ ವಾಸನೆ. ಹೋದ ತಿಂಗಳು ಪಾಲಕೋಡಿನ ನೆಂಟರ ಮನೆಯಿಂದ ಬರುವಾಗ ಅಮ್ಮನಿಗೆ ಸುಸ್ತಾಯಿತೆಂದು ಬಸ್ ಸ್ಟ್ಯಾಂಡಿನ ಎದುರು ಒಂದು ಹೋಟೆಲಿನಲ್ಲಿ ಕೂತೆವು. ಟೇಬಲ್ ಒರೆಸಿ ಹೋದರು. ಆ ವಾಸನೆ ಬಂತು. ಏನೋ ಹೇಳಲು ಬಾಯಿ ತೆರೆದವಳು ಮೊದಲು ಹಿಂದೆ ತಿರುಗಿ ನೋಡಿದೆ, ಯಾರು ಕೂತಿದ್ದಾರೆ ಎಂದು. ಅಮ್ಮನೂ ತಿರುಗಿ ನೋಡಿದಳು. ಅಪ್ಪ ತೀರಿಕೊಂಡು ಆಗಲೇ ಐದು ತಿಂಗಳು. ನಮಗೆ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆದರೂ ತಿರುಗಿ ನೋಡಿದೆವು...

ಆಗ ನೆನಪಾದವರು ನಮ್ಮೂರು ಸೇಲಂನಲ್ಲಿ ನಾವು ಹಿಂದೆ ಹೋಗುತ್ತಿದ್ದ ಹೋಟೆಲಿನ ಸಪ್ಲೈಯರ್ ಅಣ್ಣ.

ನಮ್ಮದು ನೇಯುವವರ ಮನೆ. ಅಮಾವಾಸ್ಯೆಯ ದಿನ ಮಗ್ಗ ಆಡಬಾರದು, ಅದು ನಮ್ಮ ಜನರಲ್ಲಿ ಕಟ್ಟುನಿಟ್ಟು. ತಿಂಗಳಿಗೆ ಆ ಒಂದು ದಿನ ಸಂಜೆ ಅಪ್ಪ, ಅಮ್ಮ, ನಾನು ಹೊರಗೆ ಟಿಫನ್ನಿಗೆ ಹೋಗುತ್ತಿದ್ದೆವು. ನಮ್ಮ ಬೀದಿಯ ಹತ್ತಿರವೇ ಎರಡು ಹೋಟೆಲ್ ಇದ್ದವು. ಅಮ್ಮ ಅಲ್ಲಿಗೆ ಒಪ್ಪುತ್ತಿರಲಿಲ್ಲ. ನಾಲ್ಕು ಸ್ಟಾಪ್ ಆಚೆ, ನಮ್ಮವರು ಯಾರೂ ಬಾರದ ಕಡೆ ಹೋಗಬೇಕು. ಅದಕ್ಕೆ ಕಾರಣ ಅಪ್ಪನ ಕೈ.

ಅಪ್ಪನ ಬಲಗೈ ನಡುಗಲು ಶುರುವಾಗಿ ಆಗ ಎರಡು ವರ್ಷವಾಗಿತ್ತು. ಲಾಳಿ ಹೊಡೆಯುವಾಗ ಅಷ್ಟು ತಿಳಿಯುತ್ತಿರಲಿಲ್ಲ. ರೇಷ್ಮೆ ಎಳೆ ಕಡಿದಾಗ ಗಂಟು ಹಾಕಬೇಕಲ್ಲ, ಆಗ ಬೆರಳು ನಿಲ್ಲುತ್ತಿರಲಿಲ್ಲ. ಅಮ್ಮ ಒಲೆ ಬಿಟ್ಟು ಬಂದು ಗಂಟು ಹಾಕಿ ಹೋಗುವಳು. ನಮಗೆ ಹಾಸಿನ ನೂಲು ಕೊಟ್ಟು ಕೂಲಿಗೆ ಮದುವೆ ಸೀರೆ ನೇಯಿಸುತ್ತಿದ್ದ ಧಣಿ, ಮುದಲಾಳಿಗೆ ಇದು ತಿಳಿದರೆ ಮುಂದಿನ ಹಾಸು ಬೇರೆ ಮನೆಗೆ ಹೋಗುತ್ತಿತ್ತು. ಮಗ್ಗ ಖಾಲಿ ನಿಲ್ಲುತ್ತಿತ್ತು. ಮೂವರಿಗೂ ಅದೇ ಭಯ. ಒಬ್ಬರ ಎದುರು ಒಬ್ಬರು ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಮನೆಯೆಂದರೆ ಒಂದೇ ಕೋಣೆ, ಅದರಲ್ಲೇ ಮಗ್ಗ. ಅಪ್ಪನ ಕಿವಿಗೆ ಬೀಳದ ಹಾಗೆ ಅಮ್ಮನೂ ನಾನೂ ಅಪ್ಪನ ವಿಷಯ ಮಾತಾಡಲು ಜಾಗವೇ ಇರಲಿಲ್ಲ. ಹೋಟೆಲಿನಲ್ಲಿ ಅಪ್ಪ ಕೈ ತೊಳೆಯಲು ಹೋದರೆ ಬೇಗ ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಾವು ತಿಂಗಳ ಮಾತೆಲ್ಲ ಮಾತಾಡಿ ಮುಗಿಸುತ್ತಿದ್ದೆವು. ತಿಂಡಿ ಹೇಳುವುದು ತಮಿಳಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಸುತ್ತ ಇರುವವರಿಗೆ ಕನ್ನಡ ಎಲ್ಲಿ ಬರುತ್ತದೆ ಎಂಬ ಧೈರ್ಯ. ನಮ್ಮ ಜನ ಎಲ್ಲ ಕಡೆಯೂ ಹಾಗೇ ಮಾಡುತ್ತಾರೆ... ಅಮಾವಾಸ್ಯೆ ನಮಗೆ ರಜೆಯಾದರೆ ನೇಯುವವರಿಗೆಲ್ಲ ರಜೆಯೇ, ಅವರೂ ಎಲ್ಲಾದರೂ ಹೋಗುತ್ತಾರೆ ಎಂದು ಒಂದು ದಿನವೂ ಹೊಳೆಯಲಿಲ್ಲ.

ಸಪ್ಲೈಯರ್ ಅಣ್ಣ ಸಣ್ಣ ಮೈಕಟ್ಟಿನವರು, ನಲವತ್ತು ದಾಟಿರಬಹುದು. ತಮಿಳಿನಲ್ಲೇ ಕೇಳುವರು, ತಮಿಳಿನಲ್ಲೇ ಹೇಳುವರು. ಅಪ್ಪನ ಕಾಫಿ ಲೋಟ ಯಾವಾಗಲೂ ಅರ್ಧ ಮಾತ್ರ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಉಳಿದರ್ಧ ತಂದು ಸುರಿಯುವರು. ದೋಸೆಯನ್ನು ಒಳಗೇ ತುಂಡು ಮಾಡಿಸಿ ತರುವರು. ಅದು ಆ ಹೋಟೆಲಿನ ಪದ್ಧತಿ ಎಂದುಕೊಂಡಿದ್ದೆವು.

ಆ ದಿನ ಅಪ್ಪ ಕೈ ತೊಳೆಯಲು ಎದ್ದ ಕೂಡಲೇ ಅಮ್ಮ ಶುರು ಮಾಡಿದಳು. "ನೆನ್ನೆ ಒಂದೇ ದಿನದಾಗೆ ಆರು ಎಳೆ ಬಿಟ್ಟವ್ರೆ ಕಣೆ. ಸೀರೆ ಒಯ್ದು ಕೊಟ್ಟಾಗ ಮುದಲಾಳಿ ಬೆಳಕಿಗೆ ಇಡಿದು ನೋಡಿದ್ರೆ..."

ಮುಂದಿನದು ಅಮ್ಮನ ಬಾಯಲ್ಲೇ ಉಳಿಯಿತು. ಸಪ್ಲೈಯರ್ ಅಣ್ಣ ಬಂದು, ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಾ ಬಗ್ಗಿದರು.

"ಅಕ್ಕಾ, ಈಗ ಬ್ಯಾಡ. ಕಂಬದ ಇಂದ್ಗಡೆ ಕೂತವ್ರಲ್ಲ, ಅವ್ರೂ ಕನ್ನಡದೋರೇ."

ಅವರ ಬಾಯಿಂದ ಕನ್ನಡ ಕೇಳಿದ್ದು ಅದೇ ಮೊದಲು. ಸೇಲಂ ಜಿಲ್ಲೆಯದೇ ಮೇಚೇರಿ ಕಡೆಯ ಮಾತು. ನಾನು ಮೆಲ್ಲಗೆ ತಿರುಗಿದೆ. ಕಂಬದ ಹಿಂದೆ ಬಿಳಿ ಷರ್ಟಿನ ಬೆನ್ನು ಕಂಡಿತು. ಮುದಲಾಳಿ, ಮನೆಯವರ ಜೊತೆ ಬಂದಿದ್ದರು. ಅಮ್ಮನ ಕೈ ಟೇಬಲ್ ಕೆಳಗೆ ನನ್ನ ಮೊಣಕಾಲು ಹಿಡಿಯಿತು. ಕೇಳಿಸಿಕೊಂಡರೋ, ಇಲ್ಲವೋ...

ಅಷ್ಟರಲ್ಲಿ ಅಪ್ಪ ಬಂದರು. ಮುದಲಾಳಿಯ ಕಣ್ಣಿಗೆ ಬಿದ್ದರು.

"ಏನಪ್ಪಾ, ನೀನೂ ಇಲ್ಲೇನಾ? ಮನೆಯಾಗೆ ಒಲೆ ಅಚ್ಚಲಿಲ್ವಾ?" ಎಂದು ಮುದಲಾಳಿ ನಗುತ್ತಾ ಎದ್ದು ಬಂದು ನಮ್ಮ ಟೇಬಲ್ಲಿಗೇ ಕೂತರು. "ಲೇ ತಂಬಿ, ರೆಂಡು ಕಾಪಿ" ಎಂದು ತಮಗೂ ಅಪ್ಪನಿಗೂ ಸೇರಿಸಿ ಕೂಗಿದರು.

ಅಪ್ಪ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಮುದಲಾಳಿ ತರಿಸಿದ ಕಾಫಿ. ಅವರ ಎದುರಿಗೇ ಎತ್ತಿ ಕುಡಿಯಬೇಕು. ಅಮ್ಮ ನನ್ನ ಮುಖ ನೋಡಿದಳು. ನಾನು ಅಡುಗೆಮನೆಯ ಬಾಗಿಲು ನೋಡುತ್ತಾ ಕೂತೆ.

ಸಪ್ಲೈಯರ್ ಅಣ್ಣ ಒಂದೇ ಲೋಟ ತಂದರು. ಮುದಲಾಳಿಯ ಮುಂದೆ ಇಟ್ಟು, ಡಿಕಾಕ್ಷನ್ ಮುಗಿದುಹೋಯಿತು, ಇಳಿಯಲು ಹತ್ತು ನಿಮಿಷ ಆಗುತ್ತದೆ ಎಂದು ತಮಿಳಿನಲ್ಲಿ ಹೇಳಿ ತಲೆ ಕೆರೆದುಕೊಂಡರು.

"ಅಮಾಸೆ ಅಂತ ಡಿಕಾಕ್ಷನ್‌ಗೂ ರಜಾನಾ?" ಮುದಲಾಳಿ ತಮ್ಮ ಮಾತಿಗೆ ತಾವೇ ನಕ್ಕರು. ಅಪ್ಪನೂ ನಕ್ಕರು. ಮುದಲಾಳಿ ಕಾಫಿ ಕುಡಿದು ಎದ್ದರು. "ನಾಳಿದ್ದು ಬಾ. ಒಸ ಹಾಸು ಬಂದೈತೆ" ಎಂದು ಅಪ್ಪನ ಭುಜ ತಟ್ಟಿ ಹೋದರು.

ಅವರು ಮೆಟ್ಟಿಲಿಳಿದ ಮೇಲೆ ಅಪ್ಪನ ಕಾಫಿ ಬಂತು. ಅರ್ಧ ಲೋಟ. ಅದನ್ನು ಕಂಡಾಗ ನನಗೆ ಎಲ್ಲ ತಿಳಿಯಿತು. ಎರಡು ವರ್ಷದಿಂದ ಈ ಮನುಷ್ಯ ನಮ್ಮ ಒಂದೊಂದು ಮಾತನ್ನೂ ಕೇಳಿದ್ದರು. ಅಮ್ಮನಿಗೂ ತಿಳಿಯಿತು. ಅವಳು ತಲೆಯೆತ್ತಲಿಲ್ಲ. ಉಪಕಾರವಾಯಿತು ಎಂದು ಒಂದು ನನ್ರಿ ಕೂಡ ಹೇಳಲಿಲ್ಲ.

ಬಸ್ಸಿನಲ್ಲಿ ಅಮ್ಮ ಹೇಳಿದಳು, "ಇನ್ಮ್ಯಾಕೆ ಆ ಓಟ್ಲು ಬ್ಯಾಡ."

"ಯಾಕೆ?" ಎಂದರು ಅಪ್ಪ.

"ಕಾಪಿ ಸರಿಯಿಲ್ಲ."

ಅಪ್ಪ ಕಿಟಕಿಯ ಕಡೆ ತಿರುಗಿಕೊಂಡರು. ಅವರಿಗೆ ಎಷ್ಟು ಗೊತ್ತಿತ್ತೋ... ನಾನು ಕೇಳಲಿಲ್ಲ. ಮತ್ತೆ ನಾವು ಅಲ್ಲಿಗೆ ಹೋಗಲಿಲ್ಲ. ನಮ್ಮನ್ನು ಉಳಿಸಿದವರಿಗೆ ನಮ್ಮ ಗುಟ್ಟು ಗೊತ್ತಲ್ಲ ಎಂದೇ ಹೆದರಿದೆವು. ಅವರು ಯಾರಿಗಾದರೂ ಹೇಳಿಬಿಟ್ಟರೆ ಎಂದು ಅಮ್ಮ ಎಷ್ಟೋ ದಿನ ನಿದ್ದೆಗೆಟ್ಟಳು. ಹೇಳುವವರಾಗಿದ್ದರೆ ಎರಡು ವರ್ಷ ಕಾಯುತ್ತಿದ್ದರೇ? ಅದನ್ನು ಯೋಚಿಸುವ ಬುದ್ಧಿ ನಮಗೆ ಬರಲಿಲ್ಲ.

ಅಪ್ಪ ಆಮೇಲೆ ಮೂರು ಹಾಸು ನೇಯ್ದರು, ಅರ್ಧ ಅಮ್ಮನ ಕೈಯಲ್ಲಿ. ನಾಲ್ಕನೆಯದಕ್ಕೆ ಅವರೇ ಮುದಲಾಳಿಯ ಮನೆಗೆ ಹೋಗಿ, ಇನ್ನು ಆಗುವುದಿಲ್ಲ ಎಂದು ಹೇಳಿ ಬಂದರು.

ಅದಕ್ಕೂ ಮುಂಚೆ ಒಂದು ಸಲ, ಹೊಸ ಬಸ್ ಸ್ಟ್ಯಾಂಡಿನಲ್ಲಿ ಸಪ್ಲೈಯರ್ ಅಣ್ಣನನ್ನು ಕಂಡೆ. ಕೈಯಲ್ಲಿ ಬಟ್ಟೆಯ ಚೀಲ, ಊರಿಗೆ ಹೊರಟಿದ್ದರು. ನನ್ನನ್ನು ನೋಡಿ ಹತ್ತಿರ ಬಂದರು.

"ಅಪ್ಪಾರು ಚೆನ್ನಾಗವ್ರಾಮ್ಮಾ? ಕೈ ಎಂಗೈತೆ?"

ನನ್ನ ಹಿಂದೆ ನಮ್ಮ ಬೀದಿಯ ಹೆಂಗಸರಿಬ್ಬರು ನಿಂತಿದ್ದರು. "ನೀಂಗ ಯಾರು? ತೆರಿಯಲಿಯೇ" ಎಂದೆ, ತಮಿಳಿನಲ್ಲಿ, ಗುರುತೇ ಇಲ್ಲದವಳ ಹಾಗೆ. ಅವರು ಆ ಹೆಂಗಸರ ಕಡೆ ಒಮ್ಮೆ ನೋಡಿದರು. ಆಳು ತಪ್ಪಾಯಿತು ಎಂದು ತಮಿಳಿನಲ್ಲೇ ಹೇಳಿ ಹೊರಟುಹೋದರು. ಆಗಲೂ ನನ್ನನ್ನು ಕಾಪಾಡಿಯೇ ಹೋದರು.

ಪಾಲಕೋಡಿನಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಮೊನ್ನೆ ಆ ಹೋಟೆಲಿಗೆ ಹೋದೆ. ಅಪ್ಪ ಇಲ್ಲ ಎಂದು ಅವರಿಗೆ ಹೇಳಬೇಕಿತ್ತು. ಕ್ಯಾಷಿನಲ್ಲಿದ್ದವರು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. "ಅವರಾ? ತೀರಿಕೊಂಡು ಮೂರು ವರ್ಷ ಆಯಿತಲ್ಲಮ್ಮಾ" ಎಂದರು, ತಮಿಳಿನಲ್ಲಿ. ಊರು ಕೇಳಿದೆ. ಮೇಚೇರಿ ಪಕ್ಕ ಯಾವುದೋ ಹಳ್ಳಿ, ಸರಿಯಾಗಿ ತಿಳಿಯದು ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಎಂಡ್ತಿ ಮಕ್ಕಳು ಇದ್ರಂತಾ?"

"ಗೊತ್ತಿಲ್ಲಮ್ಮ."

"ಏನಾಗಿತ್ತಂತೆ?"

"ಕೇಳಲಿಲ್ಲ."

"ಎಸ್ರಾನಾ ಕೇಳ್ಕೊಂಡ್ ಬಂದ್ಯಾ?"

ಅವರ ಹೆಸರನ್ನೂ ನಾನು ಕೇಳಿರಲಿಲ್ಲ.