ಅಂಗೈ ಕೆಳಗಿನ ಅಂಗೈ

ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಅಂಗಳದಲ್ಲಿ ಕುಳಿತಿದ್ದೆ. ಕೈತುಂಬ ಅಂಟು. ಅಷ್ಟರಲ್ಲಿ ಗೆಳತಿಯ ಸೊಸೆಯ ಫೋನು ಬಂತು.

"ದೊಡ್ಡವ್ವ, ನಮ್ಮತ್ತಿಗೆ ಎಡಗಡಿ ಲಕ್ವಾ ಹೊಡದೈತಿ. ಆಸ್ಪತ್ರಿಗೆ ತಂದೀವಿ."

ಕೈ ತೊಳೆದು ಹೊರಟೆನೋ ಹಾಗೇ ಹೊರಟೆನೋ, ನೆನಪಿಲ್ಲ. ನಾವಿಬ್ಬರೂ ಆದೋನಿಯ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ಬಾಣಂತನ, ಮಕ್ಕಳ ಮದುವೆ, ಅತ್ತೆಯಂದಿರ ಬೈಗುಳ, ಎಲ್ಲವನ್ನೂ ಕೂಡಿಯೇ ಕಂಡವರು.

ದೇವರು ಅಲ್ಲಿಯೂ ಕರುಣೆ ಇಟ್ಟಿದ್ದ. ಮಾತು ಹೋಗಲಿಲ್ಲ. ಬಲಗೈ ಉಳಿಯಿತು. ಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಡೆಯುವಷ್ಟು ಕಾಲೂ ಬಂತು. ಎಡಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಹಾಗೇ ಉಳಿಯಿತು.

ಕಷ್ಟ ಶುರುವಾದದ್ದು ಆಮೇಲೆ. ನಾವು ಲಿಂಗ ಕಟ್ಟಿಕೊಂಡವರು. ಸ್ನಾನ ಮಾಡಿ, ಕೊರಳಲ್ಲಿಯ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ಬಾಯಿಗೆ ಏನೂ ಹಾಕುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅಂಜಿ ತಿಂದವಳು ಮನೆಗೆ ಬಂದಮೇಲೆ ಹಟ ಹಿಡಿದಳು. ಮುಷ್ಟಿ ಬಿಚ್ಚದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಬಲಗೈಯಲ್ಲಿಟ್ಟುಕೋ ಎಂದ ಮಗನನ್ನು ಬೈದಳು. ಕಾಯಿಲೆಯವರಿಗೆ ನೇಮವಿಲ್ಲ ಎಂದು ಮಠದ ಅಯ್ಯನವರೇ ಬಂದು ಹೇಳಿದರೂ ಕೇಳಲಿಲ್ಲ. ಲಿಂಗ ಕೈಜಾರಿ ಬಿದ್ದರೆ ಜೀವ ಇಟ್ಟುಕೊಳ್ಳಬಾರದೆಂಬ ಹಿರಿಯರ ಮಾತು ಅವಳ ಹೊಟ್ಟೆಯಲ್ಲಿ ಕುಳಿತಿತ್ತು. ಸಂಜೆಗೆ ಸೊಸೆ ಅತ್ತು ಕರೆದರೆ ಒಂದಿಷ್ಟು ಹಾಲು. ಗುಳಿಗೆ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಬಂದ ಶಕ್ತಿಯೂ ಇಳಿಯತೊಡಗಿತು. ಕೈ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ "ಮೆಲ್ಲಗಾ ವೇಳ್ಳು ಚಾಪಂಡಮ್ಮಾ" ಎಂದು ತೆಲುಗಿನಲ್ಲಿ ಬೇಡಿಕೊಂಡರೂ ಬೆರಳು ಚಾಚಲಿಲ್ಲ. ಅವಳು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗೆ ಹೋಯಿತು.

"ಚೆಂಡಾಡಾಕ ನಾ ಏನು ಕೂಸೇನ?"

ಮರುದಿನ ನಾನು ಸ್ನಾನ ಮಾಡಿ, ನನ್ನ ಪೂಜೆಯನ್ನೂ ಬಾಕಿ ಇಟ್ಟುಕೊಂಡು ಅವಳ ಪಕ್ಕದಲ್ಲಿ ಹೋಗಿ ಕುಳಿತೆ.

"ಮ್ಯಾಲ ನಿನ್ನ ಕೈ ಇರ್ಲಿ, ಕೆಳಗ ನಂದು ಇರ್ತೈತಿ. ಬಿದ್ರ ನನ್ನ ಕೈಯಾಗ ಬೀಳ್ತೈತಿ."

"ನಿನ್ನ ಕೈ ನಂಬಲೇನು? ನಮ್ಮನಿ ಉಪ್ಪಿನಕಾಯಿ ಭರಣಿ ಒಡದಾಕಿ ಯಾರಬೇ?"

"ಭರಣಿಗೆ ನಾ ಪೂಜಿ ಮಾಡಿದ್ದಿಲ್ಲ. ನೀ ಪೂಜಿ ಮಾಡೂತನಕ ನಾನೂ ಉಣ್ಣಂಗಿಲ್ಲ. ನನಗ ಸಕ್ರಿ ಕಾಯಿಲಿ ಐತಿ, ನೆನಪಿಟ್ಕೊ."

ಗದರಿಸಿದೆನೋ ಬೇಡಿಕೊಂಡೆನೋ, ಅವಳಿಗೆ ನಗು ಬಂತು. ಬಿಸಿನೀರಿನ ಬಟ್ಟೆ ಸುತ್ತಿ, ಒಂದೊಂದೇ ಬೆರಳನ್ನು ಬಿಡಿಸಿದೆ. ಚೆಂಡಿಗೆ ಬಿಚ್ಚದ ಮುಷ್ಟಿ ಲಿಂಗಕ್ಕೆ ಬಿಚ್ಚಿತು. ನೋವಿಗೆ ಕಣ್ಣೀರು ಹರಿಯುತ್ತಿದ್ದರೂ ಕೈ ಹಿಂತೆಗೆಯಲಿಲ್ಲ. ಅವಳ ಅಂಗೈಯ ಕೆಳಗೆ ನನ್ನ ಅಂಗೈ. ಬಲಗೈಯಿಂದ ತಾನೇ ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು. ಆಮೇಲೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದಳು. ನಾನೂ ಅಲ್ಲೇ ಪೂಜೆ ಮುಗಿಸಿ ತಿಂದೆ.

ದಿನವೂ ಹಾಗೆಯೇ ನಡೆಯಿತು. "ಎರಡು ಮನಿ ಪೂಜಾರಿಕಿ ಹಿಡದೀ ಏನು? ನನ್ನ ಚಾ ಯಾರು ಮಾಡಬೇಕು?" ಎಂದು ನಮ್ಮ ಮನೆಯವರು ಕೇಳಿದರು. ನಂತರ ಚಹಾ ಮಾಡುವುದನ್ನು ಅವರೇ ಕಲಿತರು. ಅದೂ ಒಂದು ಕರುಣೆಯೇ.

ಮೊದಮೊದಲು ಅವಳ ಕೈ ನನ್ನ ಕೈಮೇಲೆ ಕಲ್ಲಿನಂತೆ ಕೂರುತ್ತಿತ್ತು. ಬರಬರುತ್ತ ಭಾರ ಇಳಿಯಿತು. ಅಂಗಳಕ್ಕೆ ಹಾಕಲೂ ನೀರು ಸಾಲದ ಕಡುಬೇಸಿಗೆ ಬರುವ ಹೊತ್ತಿಗೆ, ಒಂದು ಬೆಳಿಗ್ಗೆ ಆ ಕೈ ತಾನಾಗಿಯೇ ನಿಂತಂತೆ ಅನಿಸಿ, ನನ್ನ ಕೈಯನ್ನು ತುಸುವೇ ತಗ್ಗಿಸಿದೆ.

"ಕೈ ತೆಗದೀ ಏನು?" ಎಂದು ಗಾಬರಿಯಾದಳು.

"ಇಲ್ಲೇ ಐತಿ, ನೋಡು."

ನೋಡಿದಳು. ಎರಡು ಕೈಗಳ ನಡುವೆ ಬರಿಯ ಗಾಳಿ. ಪತ್ರೆಯೊಂದು ಜಾರಿ ನನ್ನ ಕೈಗೆ ಬಿತ್ತು. ಲಿಂಗ ಕದಲಲಿಲ್ಲ. ನಾನು ಕೈ ಎತ್ತಿ ಹಿಡಿಯಹೋದೆ.

"ಇಟ್ಕೊಂಡಿರು," ಎಂದಳು, "ಆದ್ರ ಮುಟ್ಟಬ್ಯಾಡ."

ಆ ಕೈ ಇನ್ನೂ ರೊಟ್ಟಿ ತಟ್ಟುವುದಿಲ್ಲ. ಸೀರೆ ನಿರಿಗೆ ಹಿಡಿಯಲು ಸೊಸೆ ಬೇಕು. ಆದರೆ ಆವತ್ತು ಪೂಜೆ ಮುಗಿಸಿ ಇನ್ನರ್ಧ ರೊಟ್ಟಿ ಕೇಳಿದಳು. ಸೊಸೆ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು ತುಪ್ಪ ಹಾಕಿಕೊಟ್ಟಳು.

ನಾನು ಮನೆಗೆ ಬಂದೆ. ನಳದಲ್ಲಿ ನೀರು ಬಂದಿತ್ತು. ಸೆರಗು ಸಿಕ್ಕಿಸಿಕೊಂಡು ಕೊಡ ತೊಳೆದು ನಳದ ಕೆಳಗೆ ಹಚ್ಚಿದೆ.