ಮಾರಲಿಕ್ಕೆ ಒಂದು, ಕೆಲಸಕ್ಕೆ ಇನ್ನೊಂದು

ಶೋಭಾಬಾಯಿಯ ಮೊಬೈಲು ನನ್ನ ಕೈಯಲ್ಲೇ ಸತ್ತಿತು.

ಚಾರ್ಜಿಂಗ್ ಪಿನ್ ಬದಲಿಸಲಿಕ್ಕೆ ಠಾಣಾ ಕುಶನೂರದಿಂದ ಔರಾದಿನ ನನ್ನ ರಿಪೇರಿ ಅಂಗಡಿಗೆ ಬಂದಿದ್ದರು, ಇಬ್ಬರು ಮಕ್ಕಳು, ಮೂರು ಗಂಟುಗಳ ಸಮೇತ. ಆ ವರ್ಷವೂ ಮಳೆ ಇಲ್ಲ. ಗಂಡ ಮೊದಲೇ ಪುಣೆ ಸೇರಿದ್ದರು.

“ಸಂಜಿಗಿ ಭಾಲ್ಕಿಯಿಂದ ಪುಣೆ ಬಸ್ ಅದರಿ ಅಣ್ಣಾ. ಅಲ್ಲಿ ಎಲ್ಲಿ ಇಳಿಬೇಕು ಅಂತ ನಮ್ಮ ಮನಿಯವರು ಯಾರದೋ ಫೋನಿನಿಂದ ಮಾತು ರೆಕಾರ್ಡ್ ಮಾಡಿ ಕಳಿಸ್ಯಾರ. ಎಲ್ಲಾ ಇದರಾಗೇ ಅದ.”

ಹಿಂದಿನ ವಾರವಷ್ಟೇ ಬೀದರಿನಿಂದ ಹಾಟ್ ಏರ್ ಸ್ಟೇಷನ್ ತಂದಿದ್ದೆ. ಬಿಸಿ ಗಾಳಿ ಊದಿ ಬೋರ್ಡಿನ ಬೆಸುಗೆ ಕರಗಿಸುವ ಯಂತ್ರ.

ನಮ್ಮ ಕಡೆ ಇದನ್ನು ಆರಿಸುವ ಪದ್ಧತಿ ಒಂದೇ: ಗಾಳಿಗೆ ಕಾಗದ ಹಿಡಿಯುವುದು. ಬೇಗ ಕಂದಿದರೆ ಒಳ್ಳೆಯ ಮಾಲು. ನೋಡಿದ ನಾಲ್ಕು ಅಗ್ಗದವುಗಳಲ್ಲಿ ಇದೇ ಫಸ್ಟ್.

ಕಾಗದ ಸುಟ್ಟಿತು, ನಂಬಿಕೆ ಹುಟ್ಟಿತು.

ಶೋಭಾಬಾಯಿಯ ಬೋರ್ಡಿಗೆ ಮುನ್ನೂರೈವತ್ತು ಡಿಗ್ರಿ ಇಟ್ಟೆ. ಪರದೆಯ ಅಂಕಿ ಅಲುಗಲಿಲ್ಲ, ಗಾಳಿಯ ಬೆಂಕಿ ನಿಲ್ಲಲಿಲ್ಲ... ಹೊಸ ಪಿನ್ ಮುದುಡಿತು, ಅಕ್ಕಪಕ್ಕದ ಸಣ್ಣ ಬಿಡಿಭಾಗಗಳೂ ಜಾರಿದವು. ಮೊಬೈಲು ಆನ್ ಆಗಲೇ ಇಲ್ಲ.

ಅವರು ಬೈಯಲಿಲ್ಲ. ಗಂಟು ಬಿಚ್ಚಿ ಮಕ್ಕಳಿಗೆ ರೊಟ್ಟಿ ಕೊಟ್ಟರು. ನನಗೆ ಇನ್ನಷ್ಟು ಉರಿಯಿತು.

ಎಲ್ಲರನ್ನೂ ಕರೆದುಕೊಂಡು ಬೀದರ್ ಬಸ್ ಹತ್ತಿದೆ. ತೊಡೆಯ ಮೇಲೆ ಆ ಯಂತ್ರ.

ಮಾರಿದ ಅಂಗಡಿಯವರು ಮತ್ತೆ ಕಾಗದ ಹಿಡಿದರು. “ನೋಡ್ರಿ, ಮಸ್ತ್ ಸುಡ್ತದ. ಮಷೀನ್ ಬರೋಬರ್ ಅದ, ನಿಮ್ಮ ಕೈ ಬರೋಬರ್ ಇಲ್ಲ.”

ಆಗಲೇ ಕಣ್ಣಿಗೆ ಬಿತ್ತು. ಅವರ ಹಿಂದೆ, ಅವರದೇ ರಿಪೇರಿ ಟೇಬಲ್ ಮೇಲೆ, ಬೇರೆಯದೇ ಯಂತ್ರ. ಹಳೆಯದು, ಬಣ್ಣ ಹೋದದ್ದು.

“ಅದ್ಯಾಕ ಬ್ಯಾರೆ ಅದರಿ?”

“ಅದು ಕೆಲಸ ಮಾಡ್ಲಿಕ್ಕರಿ. ಇದು ಮಾರ್ಲಿಕ್ಕ.”

ಎಷ್ಟು ಸಲೀಸಾಗಿ ಹೇಳಿದರೆಂದರೆ, ನಾಚಿಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬಂತು.

ಕೇಳದೆ ಒಳಗೆ ಹೋಗಿ ಆ ಟೇಬಲ್ಲಿಗೆ ಕುಳಿತೆ. “ಕೈ ನಂದು, ಮಷೀನ್ ನಿಮ್ಮದು. ನೋಡೇ ಬಿಡೋಣ.” ನಾಲ್ಕು ಗಿರಾಕಿಗಳು ನೋಡುತ್ತಿದ್ದರು, ಎಬ್ಬಿಸುವ ಧೈರ್ಯ ಅಂಗಡಿಯವರಿಗೆ ಆಗಲಿಲ್ಲ.

ಅದೇ ಮುನ್ನೂರೈವತ್ತು. ಮತ್ತೊಂದು ಪಿನ್ ನೆಟ್ಟಗೆ ಕೂತಿತು, ಜಾರಿದ್ದೆಲ್ಲ ಜಾಗಕ್ಕೆ ಬಂತು.

ಮೊಬೈಲು ಆನ್ ಆಯಿತು, ಅದರೊಳಗಿಂದ ಶೋಭಾಬಾಯಿಯ ಗಂಡನ ದನಿ: “ಗಾಡಿ ನಿಂತ ಕೂಡ್ಲೇ ಇಳಿಬ್ಯಾಡ. ನದಿ ಮ್ಯಾಲಿನ ದೊಡ್ಡ ಪುಲ್ ದಾಟಲಿ, ಆಮ್ಯಾಲ ಇಳಿ...”

ಶೋಭಾಬಾಯಿ ಅದನ್ನು ಮೂರು ಸಲ ಕೇಳಿಸಿಕೊಂಡು, ಭಾಲ್ಕಿ ಬಸ್ ಹಿಡಿದರು.

ನನ್ನ ಯಂತ್ರವನ್ನು ಬೀದರಿನ ಅಂಗಡಿಯವರು ವಾಪಸ್ ತಗೊಳ್ಳಲೇ ಇಲ್ಲ. ಈಗಲೂ ನನ್ನ ಅಂಗಡಿಯಲ್ಲಿದೆ, ಕಾಗದ ಮಾತ್ರ ಚೆನ್ನಾಗಿ ಸುಡುತ್ತದೆ.

ಕೊಳ್ಳುವ ಮುಂಚೆ, ಮಾರುವವರು ತಾವು ಬಳಸುವುದು ಯಾವುದು ಅಂತ ನೀವಾದರೂ ಇಣುಕಿ ನೋಡಿದ್ದೀರಾ?