ಮಂಜುಗಡ್ಡೆಗೆ ಆಗದ ಯಂತ್ರ

ಆ ಯಂತ್ರ ಮಂಜುಗಡ್ಡೆಯ ಮೇಲೆ ಕೆಲಸ ಮಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅದನ್ನು ಆರಿಸಿ, ನನ್ನ ಒಬ್ಬಳೇ ತಂಗಿಯ ಕೈಗೆ ಕೊಟ್ಟು, ದೋಣಿಗೂ ಮಂಜುಗಡ್ಡೆಗೂ ಎರಡಕ್ಕೂ ಆಗುತ್ತದೆ ಎಂದು ಹೇಳಿದೆ. ತಪ್ಪಿ ಹೇಳಿದ ಮಾತಲ್ಲ ಅದು. ಯೋಚಿಸಿ ಹೇಳಿದ ಸುಳ್ಳು.

ನಾವು ಮಲ್ಪೆ ಕಡೆಯವರು. ಅಪ್ಪ ಮೀನು ಹಿಡಿಯಲು ಬೋಟಿಗೆ ಹೋಗುತ್ತಿದ್ದರು. ನಾನು ಕತಾರಿಗೆ ಬಂದು ಹಮದ್ ಬಂದರಿನಲ್ಲಿ ಸರಕಿನ ಕಾಗದಪತ್ರ ನೋಡುವ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ, ತಂಗಿ ಪ್ರಮೀಳಾ ನರ್ಸ್ ಆಗಿ ದೋಹಾಕ್ಕೆ ಬಂದಳು. ಐನ್ ಖಾಲಿದ್‌ನ ನಮ್ಮ ಮನೆಯಲ್ಲೇ ಇದ್ದಳು. ಗಾಳಿ ತುಂಬುವ ಒಂದು ರಬ್ಬರ್ ದೋಣಿ ಕೊಂಡು, ಅವಳಿಗೆ ರಜೆ ಸಿಕ್ಕ ಶುಕ್ರವಾರಗಳಲ್ಲಿ ವಕ್ರಾದ ಸಮುದ್ರದ ದಡದಿಂದ ನಾವಿಬ್ಬರೂ ನೀರಿಗಿಳಿಯುತ್ತಿದ್ದೆವು. ನನ್ನ ಹೆಂಡತಿ ಸುಮಾಳಿಗೆ ದೋಣಿ ಹತ್ತಿದರೆ ವಾಂತಿ. ಮಗಳು ದಿಯಾ ಆಗ ಚಿಕ್ಕವಳು, ಇಂಗ್ಲಿಷಿನಲ್ಲೇ ಕನಸು ಕಾಣುವವಳು. ಪ್ರಮೀಳಾಳ ಜೊತೆ ಮಾತ್ರ ನಾನು ತುಳುವಿನಲ್ಲಿ ನಗುತ್ತಿದ್ದೆ. ಗಾಳದ ದಾರ ಬೆರಳಿಗೆ ಸುತ್ತಿಕೊಂಡು ಅವಳು ಮುರು ಮೀನಿಗೆ ಕಾಯುವ ರೀತಿ – ಥೇಟ್ ಅಪ್ಪನದೇ. ಆ ಶುಕ್ರವಾರಗಳು ನನಗೆ ಏನಾಗಿದ್ದವು ಎಂದು ಅವಳಿಗೆ ನಾನು ಯಾವತ್ತೂ – ಇರಲಿ, ಅದಕ್ಕೆ ಬರುತ್ತೇನೆ.

ಒಂದು ದಿನ ಊಟಕ್ಕೆ ಕೂತಾಗ ಅವಳು ಕೆನಡಾದ ಕೆಲಸ ಖಾತ್ರಿಯಾಯಿತು ಎಂದಳು. ಸುಮಾ ಎದ್ದು ಅಪ್ಪಿಕೊಂಡಳು. ನಾನು "ಒಳ್ಳೇದಾಯ್ತು" ಎಂದೆ. ಸಂಬಳ, ಮನೆ, ವಿಮಾನದ ಬಗ್ಗೆ ಕೇಳಿದೆ. ಬೇರೇನೂ ಹೇಳಲಿಲ್ಲ.

ಹೊರಡುವ ಮೊದಲು ಅವಳು ಕೇಳಿದ್ದು ಒಂದೇ ಉಡುಗೊರೆ. ಅವಳು ಹೋಗುವ ಊರಿನಲ್ಲಿ ಸಮುದ್ರವಿಲ್ಲ, ದೊಡ್ಡ ಸರೋವರವಿದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ಜನ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಡುತ್ತಾರೆ. ಬೇಸಿಗೆಯಲ್ಲಿ ಅದೇ ನೀರಿನ ಮೇಲೆ ದೋಣಿ. ನೀರಿನಡಿ ಮೀನು ಎಲ್ಲಿದೆ ಎಂದು ತೋರಿಸುವ ಯಂತ್ರವೊಂದು ಬೇಕು, ಎರಡೂ ಕಾಲಕ್ಕೆ ಆಗಬೇಕು, ಚೀಲದಲ್ಲಿ ಹಾಕಿಕೊಂಡು ಹೋಗುವಷ್ಟು ಚಿಕ್ಕದಿರಬೇಕು.

"ಸಮುದ್ರ ಇಲ್ಲದ ಊರಲ್ಲಿ ಹೇಗೆ ಇರೂದು ಅಂತ ಹೆದರಿಕೆ ಆಗಿತ್ತು ಅಣ್ಣ," ಎಂದಳು. "ಇದೊಂದು ಉಂಟಲ್ಲ, ಸಾಕು."

ಆ ಮಾತು ನನಗೆ ಚೆನ್ನಾಗಿ ಕೇಳಿಸಿತ್ತು. ಅದೊಂದು ಇಲ್ಲದಿದ್ದರೆ? – ಎಂದು ಆ ಕ್ಷಣವೇ ಮನಸ್ಸಿನಲ್ಲಿ ಬಂದಿತ್ತು.

ಅಂಗಡಿಯಲ್ಲಿ ಎರಡು ಯಂತ್ರಗಳನ್ನು ಮುಂದಿಟ್ಟರು. ಒಂದು, ಸಣ್ಣ ಪೆಟ್ಟಿಗೆಯಂಥದ್ದು. ಅದಕ್ಕೆ ಅದರದ್ದೇ ಬ್ಯಾಟರಿ, ಬಿಸಿಲಲ್ಲೂ ಕಾಣುವ ಪರದೆ, ತಂತಿಯ ತುದಿಗೆ ನೀರಿಗಿಳಿಸುವ ಗುಂಡು. ದೋಣಿಯ ಬದಿಗೂ ಕಟ್ಟಬಹುದು, ಮಂಜಿನ ತೂತಿನಲ್ಲೂ ಇಳಿಬಿಡಬಹುದು. ಇನ್ನೊಂದು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಚೆಂಡು. ಗಾಳದ ದಾರಕ್ಕೆ ಸಿಕ್ಕಿಸಿ ಎಸೆದರೆ ತೇಲುತ್ತಾ ನೀರಿನಡಿಯ ಚಿತ್ರವನ್ನು ಫೋನಿಗೆ ಕಳಿಸುತ್ತದೆ. ಅಷ್ಟರಲ್ಲಿ ಪ್ರಮೀಳಾಳಿಗೆ ಆಸ್ಪತ್ರೆಯಿಂದ ಫೋನ್ ಬಂದು ಅವಳು ಹೊರಗೆ ಹೋದಳು. ನಾನು ಚೆಂಡಿನ ಡಬ್ಬಿಯನ್ನು ತಿರುಗಿಸಿ ಓದಿದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬಳಸಬಾರದು, ಬ್ಯಾಟರಿ ನಿಲ್ಲುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಎರಡು ಸಲ ಓದಿದೆ.

ಅವಳು ಒಳಗೆ ಬಂದು ಯಾವುದು ಎಂದು ಕೇಳಿದಳು. "ಇದೇ ತಗೋ. ಎರಡಕ್ಕೂ ಆಗ್ತದೆ," ಎಂದು ಚೆಂಡನ್ನು ಅವಳ ಅಂಗೈಯಲ್ಲಿಟ್ಟೆ. ಲಗೇಜಿನ ಭಾರ ಕಡಿಮೆಯಾಗಲಿ ಎಂದು ಹೇಳಿ ಡಬ್ಬಿಯನ್ನು ಅಲ್ಲೇ ಬಿಸಾಡಿದೆ. ಮುಂದಿನ ಶುಕ್ರವಾರ ವಕ್ರಾದ ಬೆಚ್ಚಗಿನ ನೀರಿನಲ್ಲಿ ಅದು ಚೆನ್ನಾಗಿಯೇ ಓಡಿತು. ಅವಳು ಕುಣಿದಾಡಿದಳು. ನಾನು ಹುಟ್ಟು ಹಾಕುತ್ತಾ ಕೂತಿದ್ದೆ.

ನನಗೆ ಏನು ಬೇಕಿತ್ತು? ಚಳಿಗೆ, ಒಂಟಿತನಕ್ಕೆ ಸೋತು ಅವಳು ಫೋನ್ ಮಾಡಬೇಕಿತ್ತು – ಅಣ್ಣ, ನಾನು ವಾಪಸು ಬರ್ತೇನೆ ಎಂದು. ಇಷ್ಟೇ. ಬರೆಯಲು ನಾಚಿಕೆಯಾಗುತ್ತದೆ.

ಮೊದಲ ಚಳಿಗಾಲದಲ್ಲಿ ಫೋನ್ ಬಂದೇ ಬಂತು. ತಾನು ಮೀನುಗಾರನ ಮಗಳು ಎಂದು ವಾರ್ಡಿನಲ್ಲಿ ಜಂಬ ಕೊಚ್ಚಿಕೊಂಡು, ಜೊತೆಯವರಿಬ್ಬರನ್ನು ಸರೋವರಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಚೆಂಡನ್ನು ತೂತಿನಲ್ಲಿ ಇಳಿಸಿದ ಸ್ವಲ್ಪ ಹೊತ್ತಿಗೇ ಫೋನಿನ ಪರದೆ ಖಾಲಿಯಾಯಿತು. ಕೋಟಿನೊಳಗೆ ಇಟ್ಟು ಬೆಚ್ಚಗೆ ಮಾಡಿ ಮತ್ತೆ ಇಳಿಸಿದಳು, ಮತ್ತೆ ನಿಂತಿತು. ಅವರು ಯಾರೂ ನಗಲಿಲ್ಲ, ಸಮಾಧಾನ ಹೇಳಿದರು – ಅದರಿಂದಲೇ ಅವಳಿಗೆ ಹೆಚ್ಚು ನೋವಾದದ್ದು.

"ನಾನು ಎಂತ ತಪ್ಪು ಮಾಡಿದೆ ಅಣ್ಣ?"

ಆಗಲಾದರೂ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. "ನೀನು ಸರಿಯಾಗಿ ಚಾರ್ಜ್ ಮಾಡಿರ್ಲಿಕ್ಕಿಲ್ಲ," ಎಂದೆ. ಆಮೇಲೆ ಕಾದೆ, ಅವಳು ಬರ್ತೇನೆ ಎನ್ನುತ್ತಾಳೆಂದು. ಅವಳು "ಇರಬಹುದು" ಎಂದಳು. ಬರುವ ಮಾತು ಎತ್ತಲಿಲ್ಲ.

ಅವಳು ಮರಳಿ ಬರಲಿಲ್ಲ. ಆದರೆ ಮತ್ತೆ ಗಾಳವನ್ನೂ ಹಿಡಿಯಲಿಲ್ಲ, ಬೇಸಿಗೆಯಲ್ಲಿ ದೋಣಿ ಹತ್ತಲೂ ಇಲ್ಲ. ವಿಡಿಯೋ ಕಾಲ್‌ನಲ್ಲಿ ಅವಳ ಹಿಂದೆ ಯಾವಾಗಲೂ ಅದೇ ಸೋಫಾ, ಅದೇ ಮುಚ್ಚಿದ ಕಿಟಕಿ. ಇತ್ತ ನಾನೂ ಹೆಚ್ಚಿನ ಶುಕ್ರವಾರ ದೋಣಿಗೆ ಗಾಳಿ ತುಂಬಲಿಲ್ಲ. ಒಬ್ಬನೇ ವಕ್ರಾದ ದಡಕ್ಕೆ ಹೋಗಿ ಕಾರಿನಲ್ಲಿ ಕೂತು, ನೀರು ನೋಡಿ ಬರುತ್ತಿದ್ದೆ.

ಕಳೆದ ವರ್ಷ ಅವಳು ರಜೆಗೆ ದೋಹಾಕ್ಕೆ ಬಂದಳು. ದಿಯಾಳಿಗೆಂದು ಆ ಚೆಂಡನ್ನೂ ತಂದಿದ್ದಳು. ನಾವು ಮೂವರೂ ದೋಣಿಯಲ್ಲಿ ಹೋದೆವು. ದಿಯಾ ಎಸೆದಳು. ಫೋನಿನಲ್ಲಿ ಆಳ ಕಂಡಿತು, ತಳ ಕಂಡಿತು, ಮೀನಿನ ಗುಂಪು ಕಂಡಿತು. ಪ್ರಮೀಳಾ ಬಗ್ಗಿ ಬಹಳ ಹೊತ್ತು ನೋಡಿದಳು.

"ಯಂತ್ರ ಸರಿ ಉಂಟಲ್ಲ," ಎಂದಳು. "ಹಾಗಾದ್ರೆ ತಪ್ಪು ನನ್ನದೇ."

ಅತ್ತೆ ಚಾರ್ಜ್ ಮಾಡೋಕೆ ಮರೆತಿದ್ರು ಎಂದು ದಿಯಾ ನಕ್ಕಳು. ಪ್ರಮೀಳಾಳೂ ನಕ್ಕಳು. ದಿಯಾ ಗಾಳ ಕೊಡಲು ಹೋದರೆ, ಬೇಡ ಮಗಾ, ನನಗೆ ಬರೂದಿಲ್ಲ ಎಂದಳು. ಅಪ್ಪನ ಮಗಳು – ನನಗೆ ಬರೂದಿಲ್ಲ ಎಂದಳು! ನಾನು ಅವಳ ಎದುರಿಗೇ ಇದ್ದೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಆಗಲೂ ಬಾಯಿ ಬಿಡಲಿಲ್ಲ.

ಅವಳು ಹೋದಮೇಲೆ ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಬಂದರಿನಿಂದ ಬಂದವನು ಮನೆಯ ಮೆಟ್ಟಿಲು ಹತ್ತದೆ, ಕಾರಿನಲ್ಲೇ ಕೂತು ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಡಬ್ಬಿಯ ಮೇಲೆ ಓದಿದ್ದು, ಅದನ್ನು ಬಿಸಾಡಿದ್ದು, ಚಾರ್ಜಿನ ಮಾತು.

"ಯಾಕೆ ಅಣ್ಣ?" ಎಂದು ಕೊನೆಗೆ ಕೇಳಿದಳು.

"ನೀನು ಹೋಗೂದು ನನಗೆ ಬೇಡ ಇತ್ತು."



"ಹೋಗ್ಬೇಡ ಅಂತ ನೀನು ಒಂದು ಸಲ ಹೇಳ್ತೀಯಾ ಅಂತ ಹೊರಡುವ ದಿನದವರೆಗೆ ನೋಡ್ತಾ ಇದ್ದೆ," ಎಂದಳು. "ಹೇಳ್ಲಿಲ್ಲ. ನಿಮ್ಮ ಮನೆಯಲ್ಲಿ ನಾನು ಭಾರ ಆಗಿದ್ದೆ ಅಂತ ಎಣಿಸಿಕೊಂಡೇ ವಿಮಾನ ಹತ್ತಿದ್ದು ನಾನು."

ಡ್ಯೂಟಿಗೆ ಹೊತ್ತಾಯಿತು ಎಂದು ಹೇಳಿ ಫೋನ್ ಇಟ್ಟಳು.

ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ಅಂಥವಳು ಅವಳು – ಅದಕ್ಕೇ ಕೇಳಿಲ್ಲ. ಆ ಸಂಜೆ ಮೆಟ್ಟಿಲು ಹತ್ತಿ ಹೋಗಿ ಸುಮಾ, ದಿಯಾ ಇಬ್ಬರನ್ನೂ ಕೂರಿಸಿ, ಅತ್ತೆ ಏನನ್ನೂ ಮರೆತಿರಲಿಲ್ಲ, ಮಾಡಿದ್ದು ನಾನು ಎಂದು ಹೇಳಿದೆ. ಸುಮಾ ಎದ್ದು ಒಳಗೆ ಹೋದಳು. ದಿಯಾ ಮಾತ್ರ ನನ್ನ ಮುಖವನ್ನೇ ನೋಡುತ್ತಾ ಕೂತಳು, ಯಾರೋ ಹೊಸಬನನ್ನು ನೋಡುವ ಹಾಗೆ. ನಾನು ತಲೆ ತಗ್ಗಿಸಲಿಲ್ಲ. ಅವಳು ನೋಡಲಿ ಎಂದು ಸುಮ್ಮನೆ ಕೂತಿದ್ದೆ.